ಹಿಮ ಕರಗುವ ಕಾಲದ ಚಾರಣ: ಹೊರಡುವ ಮೊದಲು ಬೆಟ್ಟದ ಹಿಮ ನೋಡಿಕೊಳ್ಳುವುದು ಹೇಗೆ?

ಬೆಳಗ್ಗೆ 6 ಗಂಟೆ. ಹಿಮದ ಮೇಲೆ ಕಾಲಿಟ್ಟರೆ ಕರಕರ ಸದ್ದು. ಬೂಟಿನ ಹಲ್ಲುಗಳ ಗುರುತು ಮಾತ್ರ ಮೂಡುತ್ತದೆ. ಅದೇ ದಿನ, ಅದೇ ಜಾಗ, 11 ಗಂಟೆ. ಕಾಲಿಟ್ಟರೆ ತೊಡೆಯವರೆಗೂ ಹೂತುಹೋಗುತ್ತದೆ. ಎಳೆದು ಹೊರಗೆ ತೆಗೆದು ಮುಂದಿನ ಹೆಜ್ಜೆ ಇಟ್ಟರೆ ಮತ್ತೆ ಅದೇ ಕಥೆ. ನೂರು ಮೀಟರ್ ಹೋಗುವಷ್ಟರಲ್ಲಿ ಏದುಸಿರು ಬರುತ್ತದೆ.

ಚಳಿಗಾಲ ಕಳೆದು ಕರಗಲು ಶುರುವಾದ ಹಿಮದ ಸ್ವಭಾವವೇ ಹೀಗೆ. ಆದ್ದರಿಂದ "ಅಲ್ಲಿ ಈಗ ಹಿಮ ಇದೆಯಾ?" ಅಂತ ಕೇಳಿದರೆ ಸಾಲದು. ಎಷ್ಟು ಎತ್ತರದಿಂದ ಮೇಲಿದೆ? ಬೆಟ್ಟದ ಯಾವ ಮಗ್ಗುಲಲ್ಲಿದೆ? ನಾನು ಅಲ್ಲಿ ಕಾಲಿಡುವ ಹೊತ್ತಿಗೆ ಅದು ಗಟ್ಟಿ ಇರುತ್ತದಾ, ಮೆತ್ತಗಾಗಿರುತ್ತದಾ? ಈ ಮೂರಕ್ಕೂ ಉತ್ತರ ಬೇಕು. ಇದರಲ್ಲಿ ಬಹುಪಾಲು ಮನೆಯಲ್ಲೇ ಕೂತು ತಿಳಿದುಕೊಳ್ಳಬಹುದು.

ನಾನು ಇದನ್ನು ಕಲಿತದ್ದು ಒಂದು ಫೋಟೋದಿಂದ. ನಾವು ದಾಟಬೇಕಿದ್ದ ಪಾಸ್‌ನ (ಎರಡು ಶಿಖರಗಳ ನಡುವಿನ ತಗ್ಗು ದಾರಿಯ) ಚಿತ್ರವನ್ನು ಯಾರೋ ನಾಲ್ಕು ದಿನದ ಹಿಂದೆ ತೆಗೆದಿದ್ದರು. ಒಣಗಿದ ಹುಲ್ಲು, ಬಂಡೆ, ಅಲ್ಲಲ್ಲಿ ಒಂದಿಷ್ಟು ಬಿಳಿ ತೇಪೆ. ಹಿಮ ಹೋಗಿದೆ ಅಂದುಕೊಂಡು ಹೊರಟೆವು. ಪಾಸ್ ಹತ್ತುವವರೆಗೂ ದಾರಿ ಚಿತ್ರದಲ್ಲಿ ಕಂಡ ಹಾಗೇ ಇತ್ತು. ಆಚೆ ಬದಿ ಬಗ್ಗಿ ನೋಡಿದರೆ ಬಿಸಿಲು ಕಾಣದ ಇಳಿಜಾರು. ಮುನ್ನೂರು ಮೀಟರ್ ಕೆಳಗಿನವರೆಗೆ ಗಾಜಿನಂಥ ಗಟ್ಟಿ ಹಿಮ. ನಮ್ಮ ಹತ್ತಿರ ಹಿಮಕ್ಕೆ ಚುಚ್ಚಿ ಹಿಡಿಯುವ ಐಸ್ ಆ್ಯಕ್ಸ್ ಇರಲಿಲ್ಲ, ಬೂಟಿಗೆ ಕಟ್ಟುವ ಲೋಹದ ಮುಳ್ಳುಗಳ ಕ್ರಾಂಪಾನ್ ಇರಲಿಲ್ಲ. ಬಂದ ದಾರಿಯಲ್ಲೇ ಎರಡು ದಿನ ವಾಪಸ್ ನಡೆದೆವು. ಫೋಟೋ ತೆಗೆದದ್ದು ಬಿಸಿಲು ಬೀಳುವ ಮಗ್ಗುಲಿನಿಂದ. ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮುಂದೆ ಹೋಗುವ ಮುಂಚೆ ಒಂದು ಪದದ ವಿಚಾರ. ನಮ್ಮ ಪತ್ರಿಕೆಗಳಲ್ಲಿ ಹಿಮ ಬೀಳುವುದಕ್ಕೂ ಹಿಮಪಾತ ಅಂತಾರೆ, ಇಳಿಜಾರಿನಿಂದ ಹಿಮ ಜರಿದು ಬರುವುದಕ್ಕೂ ಹಿಮಪಾತ ಅಂತಾರೆ. ಎರಡನ್ನೂ ಕಲಸಿದರೆ ಇಲ್ಲಿ ಜೀವಕ್ಕೇ ಅಪಾಯ. ಅದಕ್ಕೆ ಜರಿದು ಬರುವುದನ್ನು ಈ ಲೇಖನದ ಉದ್ದಕ್ಕೂ ಹಿಮಕುಸಿತ ಅಂತಲೇ ಬರೆಯುತ್ತೇನೆ.

1. ದಾರಿಯನ್ನು ತುಂಡು ಮಾಡಿ

ಹವಾಮಾನ ನೋಡುವುದಕ್ಕೂ ಮುಂಚೆ ನಕ್ಷೆ ಬಿಡಿಸಿ. ಇಡೀ ದಾರಿಯನ್ನು ಎಂಟು ಹತ್ತು ತುಂಡು ಮಾಡಿ, ಒಂದೊಂದಕ್ಕೂ ನೋಟ್‌ಬುಕ್‌ನಲ್ಲಿ ಒಂದು ಸಾಲು ಕೊಡಿ. ಪ್ರತಿ ಸಾಲಿನಲ್ಲಿ ನಾಲ್ಕು ವಿಷಯ ಇರಲಿ: ಎತ್ತರ ಎಷ್ಟು, ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ, ಎಷ್ಟು ಕಡಿದಾಗಿದೆ, ಹಳ್ಳ ದಾಟಬೇಕಾ.

ದಿಕ್ಕು ತುಂಬ ಮುಖ್ಯ. ಭೂಮಧ್ಯರೇಖೆಯ ಉತ್ತರಕ್ಕಿರುವ ಬೆಟ್ಟಗಳಲ್ಲಿ ದಕ್ಷಿಣದ ಮಗ್ಗುಲಿಗೆ ಬಿಸಿಲು ಜಾಸ್ತಿ, ಅಲ್ಲಿ ಹಿಮ ಬೇಗ ಹೋಗುತ್ತದೆ. ಉತ್ತರದ ಮಗ್ಗುಲಲ್ಲಿ ಅದೇ ಎತ್ತರದಲ್ಲಿ ಇನ್ನೂ ಹಲವು ವಾರ ನಿಲ್ಲಬಹುದು. ಪೂರ್ವದ ಮಗ್ಗುಲು ಬೆಳಗ್ಗೆ ಮೊದಲು ಬಿಸಿಯಾಗುತ್ತದೆ, ಪಶ್ಚಿಮದ್ದು ಮಧ್ಯಾಹ್ನದ ಮೇಲೆ. ಆಂಡಿಸ್‌ಗೋ ನ್ಯೂಜಿಲೆಂಡ್‌ಗೋ ಹೋಗುವವರು ಉತ್ತರ ದಕ್ಷಿಣವನ್ನು ಅದಲು ಬದಲು ಮಾಡಿಕೊಳ್ಳಬೇಕು. ಅಲ್ಲಿ ವಸಂತ ಬರುವುದೂ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ.

ಕಡಿದು ಎಷ್ಟು ಅನ್ನುವುದನ್ನು ಈಗ ಹಲವು ಆ್ಯಪ್‌ಗಳು ಬಣ್ಣ ಹಾಕಿ ತೋರಿಸುತ್ತವೆ. ಕಾಗದದ ನಕ್ಷೆಯಾದರೂ ಅಳೆಯುವುದು ಕಷ್ಟವಲ್ಲ. 1:25,000 ನಕ್ಷೆಯಲ್ಲಿ 20 ಮೀಟರ್‌ಗೊಂದು ಎತ್ತರದ ಗೆರೆ ಇದ್ದರೆ, ಎರಡು ಗೆರೆಗಳ ನಡುವೆ ಸುಮಾರು 1.4 ಮಿಲಿಮೀಟರ್ ಇದ್ದಾಗ ಇಳಿಜಾರು 30 ಡಿಗ್ರಿ. ಗೆರೆಗಳು ಅದಕ್ಕಿಂತ ಒತ್ತಾಗಿದ್ದರೆ ಇನ್ನೂ ಕಡಿದು. ಹಲಗೆಯಂತೆ ಒಂದೇ ಪದರವಾಗಿ ಜಾರುವ ಹಿಮಕುಸಿತಗಳು ಹೆಚ್ಚಾಗಿ ಶುರುವಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಆ ಜಾಗಗಳಿಗೆ ಕೆಂಪು ಗುರುತು ಹಾಕಿ. ಅವುಗಳ ಕೆಳಗಿನ ಸಮತಟ್ಟು ಜಾಗಕ್ಕೂ ಹಾಕಿ. ಸಮತಟ್ಟಿನಲ್ಲಿ ನಡೆಯುವವರ ಮೇಲೂ ಮೇಲಿನದು ಬಂದು ಬೀಳುತ್ತದೆ ಅಲ್ವಾ?

2. ಈ ವರ್ಷ ಎಷ್ಟು ಬಿದ್ದಿದೆ ಅಂತ ನೋಡಿ

"ಮೇ ಎರಡನೇ ವಾರಕ್ಕೆ ಆ ದಾರಿ ತೆರೆಯುತ್ತದೆ" ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಒಂದು ವರ್ಷಕ್ಕೂ ಇನ್ನೊಂದಕ್ಕೂ ತಿಂಗಳ ವ್ಯತ್ಯಾಸ ಬರಬಹುದು.

ಹಲವು ದೇಶಗಳಲ್ಲಿ ಬೆಟ್ಟದ ಮೇಲೆ ಹಿಮ ಅಳೆಯುವ ಕೇಂದ್ರಗಳಿವೆ. ಅಮೆರಿಕದ ಪಶ್ಚಿಮ ಭಾಗದಲ್ಲಿ ಸ್ನೋಟೆಲ್ ಅನ್ನುವ ಜಾಲವಿದೆ. 900ಕ್ಕೂ ಹೆಚ್ಚು ಕೇಂದ್ರಗಳು ತಾವಾಗಿಯೇ ಅಳೆದು ಅಂಕಿ ಕಳಿಸುತ್ತವೆ, ಯಾರು ಬೇಕಾದರೂ ನೋಡಬಹುದು. ಅಲ್ಲಿ ಎರಡು ಅಂಕಿ ಸಿಗುತ್ತವೆ. ಒಂದು ಹಿಮದ ಆಳ. ಇನ್ನೊಂದು ಆ ಹಿಮವನ್ನೆಲ್ಲ ಕರಗಿಸಿದರೆ ಎಷ್ಟು ನೀರು ಅನ್ನುವುದು. ಎರಡನೆಯದನ್ನು ಮರೆಯಬೇಡಿ. ಹೊಸದಾಗಿ ಬಿದ್ದ ಎರಡು ಮೀಟರ್ ಹಿಮದಲ್ಲಿ 20 ಸೆಂಟಿಮೀಟರ್ ನೀರಿರಬಹುದು. ಚಳಿಗಾಲವಿಡೀ ಕುಗ್ಗಿ ಗಟ್ಟಿಯಾದ ಎರಡು ಮೀಟರ್‌ನಲ್ಲಿ 90 ಸೆಂಟಿಮೀಟರ್ ನೀರಿರಬಹುದು. ಮೊದಲನೆಯದು ನಾಲ್ಕು ಬಿಸಿಲಿಗೆ ಕುಸಿಯುತ್ತದೆ. ಎರಡನೆಯದು ನೀವು ಹೋಗಿ ಬಂದ ಮೇಲೂ ಅಲ್ಲೇ ಇರುತ್ತದೆ. ಆಳ ಇಳಿಯುತ್ತಿದ್ದು ನೀರು ಹಾಗೇ ಇದ್ದರೆ ಹಿಮ ಬರೀ ಕುಗ್ಗುತ್ತಿದೆ ಅಂತ ಅರ್ಥ. ನೀರೂ ಇಳಿಯತೊಡಗಿದರೆ ನಿಜವಾಗಿ ಕರಗುತ್ತಿದೆ.

ಹೀಗೆ ಹಿಮದಲ್ಲಿರುವ ನೀರನ್ನು ತೂಗುವ ಕೊಳವೆಯನ್ನು ರೂಪಿಸಿದವರು ನೆವಾಡಾ ವಿಶ್ವವಿದ್ಯಾಲಯದ ಜೇಮ್ಸ್ ಚರ್ಚ್. 20ನೇ ಶತಮಾನದ ಆರಂಭದ ಮಾತು. ಅವರು ಪಾಠ ಮಾಡುತ್ತಿದ್ದದ್ದು ಪ್ರಾಚೀನ ಗ್ರೀಕ್, ಲ್ಯಾಟಿನ್ ಸಾಹಿತ್ಯವನ್ನು. ಚಳಿಗಾಲದಲ್ಲಿ ಮೌಂಟ್ ರೋಸ್ ಹತ್ತುವ ಹುಚ್ಚು ಅವರನ್ನು ಈ ಕೆಲಸಕ್ಕೆ ತಂದಿತು. ಇವತ್ತಿಗೂ ಆ ಕೊಳವೆಯ ಹೆಸರು ಮೌಂಟ್ ರೋಸ್ ಅಂತಲೇ. ಬೆಟ್ಟ ಸುತ್ತುವ ಪ್ರೀತಿಯಿಂದಲೇ ಹುಟ್ಟಿದ ಉಪಕರಣ ಅಂತ ನೆನೆದರೆ ನನಗೆ ಖುಷಿಯಾಗುತ್ತದೆ.

ಎರಡು ಎಚ್ಚರಿಕೆ. ಇಂಥ ಕೇಂದ್ರಗಳು ಹೆಚ್ಚಾಗಿ ಕಾಡಿನ ನಡುವಿನ ಸಮತಟ್ಟು ಬಯಲಿನಲ್ಲಿ ಇರುತ್ತವೆ. ಗಾಳಿ ಬಡಿಯುವ ಏಣಿನ ಮೇಲೆ ಎಷ್ಟಿದೆ, ಗಾಳಿ ಹಿಮ ತಂದು ಸುರಿಯುವ ಕೊರಕಲಿನಲ್ಲಿ ಎಷ್ಟಿದೆ ಅಂತ ಅವು ಹೇಳುವುದಿಲ್ಲ. ಇನ್ನೊಂದು, ವಸಂತದ ಕೊನೆಗೆ "ವಾಡಿಕೆಗಿಂತ ಮೂರು ಪಟ್ಟು" ಅಂತ ಕಂಡರೆ ಗಾಬರಿ ಬೇಡ. ವಾಡಿಕೆಯಲ್ಲಿ 5 ಸೆಂಟಿಮೀಟರ್ ನೀರು ಉಳಿಯಬೇಕಾದ ದಿನ 15 ಇದ್ದರೂ ಮೂರು ಪಟ್ಟೇ. ಶೇಕಡಾವಾರು ಬಿಡಿ, ಅಂಕಿ ನೋಡಿ.

ನೀವು ಹೋಗುವ ಕಡೆ ಇಂಥ ಕೇಂದ್ರ ಇಲ್ಲದಿದ್ದರೆ? ಪ್ರಪಂಚದ ಎಷ್ಟೋ ಬೆಟ್ಟಗಳ ಕಥೆ ಅದೇ. ಆಗ ಮುಂದಿನ ದಾರಿಯೇ ಗತಿ.

3. ಮೇಲಿನಿಂದ ನೋಡಿ

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಎಲ್ಲರಿಗೂ ಉಚಿತ. ಮೊದಲನೆಯದು ಹಾರಿದ್ದು 2015ರಲ್ಲಿ, ಎರಡನೆಯದು 2017ರಲ್ಲಿ. ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತವೆ. ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್. ಅಂದರೆ ಹಿಮದ ತೇಪೆಗಳೂ ಕಾಣುತ್ತವೆ, ದಾರಿ ಅದನ್ನು ಎಲ್ಲಿ ದಾಟುತ್ತದೆ ಅನ್ನುವುದೂ ಕಾಣುತ್ತದೆ. ಕೋಪರ್ನಿಕಸ್ ಬ್ರೌಸರ್ ಅನ್ನುವ ಜಾಲತಾಣದಲ್ಲಿ ಜಾಗ ಹುಡುಕಿ, ದಿನಾಂಕ ಆರಿಸಿ, ನೋಡಿ. ದಿನಾ ಚಿತ್ರ ಬೇಕೆಂದರೆ ನಾಸಾದ ವರ್ಲ್ಡ್‌ವ್ಯೂ ಇದೆ. ಅದು ಒರಟು, ಒಂದು ಚುಕ್ಕೆ ನೂರಾರು ಮೀಟರ್ ಅಗಲ. ಹಿಮದ ಗೆರೆ ಒಟ್ಟಾರೆ ಎಲ್ಲಿದೆ ಅಂತ ತಿಳಿಯಲು ಸಾಕು, ದಾರಿ ನೋಡಲು ಸಾಲದು.

ಮೊದಲ ಸಲ ನೋಡಿದಾಗ ನನಗೆ ಮೋಡ ಯಾವುದು, ಹಿಮ ಯಾವುದು ಅಂತಲೇ ಗೊತ್ತಾಗಲಿಲ್ಲ. ಎರಡೂ ಬಿಳಿ. ಇದಕ್ಕೊಂದು ಸುಲಭ ಉಪಾಯ ಇದೆ. ನಮ್ಮ ಕಣ್ಣಿಗೆ ಕಾಣದ ಕಿರುತರಂಗ ಅವಕೆಂಪು ಬೆಳಕನ್ನು ಹಿಮ ಹೀರಿಕೊಳ್ಳುತ್ತದೆ, ನೀರಹನಿಗಳ ಮೋಡ ವಾಪಸ್ ಎರಚುತ್ತದೆ. ಆ ಬೆಳಕನ್ನು ಸೇರಿಸಿದ ಬಣ್ಣದ ಆಯ್ಕೆ ಒತ್ತಿದರೆ ಹಿಮ ನೀಲಿಯಾಗಿ ಕಾಣುತ್ತದೆ, ಬಹುತೇಕ ಮೋಡ ಬಿಳಿಯಾಗೇ ಉಳಿಯುತ್ತದೆ. ಬರೀ ಹಿಮಕಣಗಳಿಂದ ಆದ ಎತ್ತರದ ತೆಳು ಮೋಡ ಮಾತ್ರ ಇಲ್ಲೂ ಕಣ್ಣು ತಪ್ಪಿಸುತ್ತದೆ. ಅನುಮಾನ ಬಂದರೆ ಐದು ದಿನ ಹಿಂದಿನ ಚಿತ್ರ ತೆಗೆಯಿರಿ. ಮೋಡ ಜಾಗ ಬದಲಿಸಿರುತ್ತದೆ, ಹಿಮ ಬದಲಿಸಿರುವುದಿಲ್ಲ.

ಒಂದೇ ಚಿತ್ರ ನೋಡಿ ನಿಲ್ಲಿಸಬೇಡಿ. ಕಳೆದ ನಾಲ್ಕೈದು ವಾರದ ಮೋಡವಿಲ್ಲದ ಚಿತ್ರಗಳನ್ನು ಸಾಲಾಗಿ ನೋಡಿ. ಹಿಮದ ಅಂಚು ಯಾವ ಎತ್ತರದಿಂದ ಯಾವ ಎತ್ತರಕ್ಕೆ ಏರಿದೆ ಅಂತ ಬರೆದುಕೊಳ್ಳಿ. ಹತ್ತು ದಿನದಲ್ಲಿ 150 ಮೀಟರ್ ಏರಿದ್ದರೆ, ನಿಮ್ಮ ಹೊರಡುವ ದಿನಕ್ಕೆ ಎಲ್ಲಿರಬಹುದು ಅಂತ ಅಂದಾಜು ಸಿಗುತ್ತದೆ. ಆಮೇಲೆ ಹಿಂದಿನ ವರ್ಷಗಳ ಇದೇ ದಿನಾಂಕದ ಚಿತ್ರ ತೆಗೆಯಿರಿ. ಹಿಂದೆ ಆ ದಾರಿಯಲ್ಲಿ ಹೋದವರ ಬರಹವಿದ್ದರೆ, ಅವರು ಹೋದ ದಿನದ ಚಿತ್ರದ ಪಕ್ಕ ಈಗಿನದನ್ನು ಇಟ್ಟು ನೋಡಿ. "ಮೊಣಕಾಲುದ್ದ ಹಿಮ ಇತ್ತು" ಅಂತ ಅವರು ಬರೆದ ದಿನ ಮೇಲಿನಿಂದ ಹೇಗೆ ಕಾಣುತ್ತಿತ್ತು ಅಂತ ನಿಮಗೇ ಗೊತ್ತಾಗುತ್ತದೆ. ಇಡೀ ತಯಾರಿಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಕೆಲಸ ಇದು.

ಉಪಗ್ರಹಕ್ಕೆ ಕಾಣದ್ದೂ ಇದೆ. ದಟ್ಟ ಮರಗಳ ಕೆಳಗಿನ ಹಿಮ ಕಾಣುವುದಿಲ್ಲ. ಚಿತ್ರದಲ್ಲಿ ಹಸಿರು ಕಾಡು ಇದ್ದರೂ ನೆರಳಿನ ಮಗ್ಗುಲಿನ ಮರಗಳಡಿ ಸೊಂಟದವರೆಗೆ ಇರಬಹುದು. ಈ ಉಪಗ್ರಹ ಹಾಯುವುದು ಬೆಳಗ್ಗೆ ಸುಮಾರು ಹತ್ತೂವರೆಗೆ, ಆಗ ಕಡಿದಾದ ಕೆಲವು ಮಗ್ಗುಲು ಇನ್ನೂ ನೆರಳಲ್ಲಿರುತ್ತವೆ. ಆ ಕಪ್ಪು ಜಾಗವನ್ನು ಹಿಮವಿಲ್ಲದ ನೆಲ ಅಂದುಕೊಳ್ಳಬೇಡಿ. ಇನ್ನು ಆಳ ಎಷ್ಟು, ಗಟ್ಟಿಯೋ ಮೆತ್ತಗೋ ಅನ್ನುವುದನ್ನು ಇಂಥ ಚಿತ್ರ ಹೇಳುವುದೇ ಇಲ್ಲ.

4. ಕ್ಯಾಮೆರಾ, ಜನ

ಹತ್ತಿರದಲ್ಲಿ ಸ್ಕೀ ಜಾಗ, ಹೆದ್ದಾರಿ, ಚಾರಣಿಗರ ತಂಗುಮನೆ ಇದ್ದರೆ ವೆಬ್‌ಕ್ಯಾಮ್ ಇರುವ ಸಾಧ್ಯತೆ ಇದೆ. ಬೇಲಿ ಕಂಬ, ಫಲಕ, ಬಾಗಿಲು ಇಂಥ ಅಳತೆ ಗೊತ್ತಿರುವ ವಸ್ತು ಹುಡುಕಿ. ಹಿಮ ಎಷ್ಟು ಮುಚ್ಚಿದೆ ಅಂತ ನೋಡಿ. ಕ್ಯಾಮೆರಾ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಖಂಡಿತ ತಿಳಿದುಕೊಳ್ಳಿ.

ಜನರನ್ನು ಕೇಳುವಾಗ ಪ್ರಶ್ನೆ ಸರಿ ಇರಲಿ. "ದಾರಿ ಹೇಗಿದೆ?" ಅಂದರೆ "ಚೆನ್ನಾಗಿದೆ" ಅನ್ನುವ ಉತ್ತರ ಬರುತ್ತದೆ, ಅದರಿಂದ ಏನೂ ಸಿಗಲ್ಲ. ಯಾವ ದಿನ ಹೋಗಿದ್ದಿರಿ? ಪಾಸ್ ದಾಟಿದಾಗ ಎಷ್ಟು ಗಂಟೆ? ಆಚೆ ಬದಿ ಇಳಿದಿರಾ? ಬೂಟು ಎಷ್ಟು ಹೂತುಹೋಗುತ್ತಿತ್ತು? ಕ್ರಾಂಪಾನ್ ಹಾಕಿದಿರಾ, ಬರೀ ಕೈಯಲ್ಲಿ ಹಿಡಿದುಕೊಂಡು ಹೋದಿರಾ? ಹಳ್ಳವನ್ನು ಹಿಮದ ಮೇಲೆ ದಾಟಿದಿರಾ, ನೀರಿಗೆ ಇಳಿದಿರಾ? ಸ್ಥಳೀಯ ಗೈಡ್‌ಗಳು, ಅರಣ್ಯ ಸಿಬ್ಬಂದಿ, ಕುರಿ ಮೇಯಿಸುವವರು ಇದಕ್ಕೆಲ್ಲ ಬಿಡಿಬಿಡಿಯಾಗಿ ಉತ್ತರ ಕೊಡುತ್ತಾರೆ. ಹೊರಗಿನಿಂದ ಬಂದು ಒಂದೇ ಸಲ ಹೋದವರ ಮಾತನ್ನು ಅವರ ಅನುಭವದ ಜೊತೆ ತೂಗಿ ನೋಡಿ. ಹಿಮದಲ್ಲಿ ವರ್ಷಗಟ್ಟಲೆ ಓಡಾಡಿದವರಿಗೆ "ಸ್ವಲ್ಪ ಕಡಿದು" ಅನ್ನಿಸಿದ್ದು ನಿಮಗೆ ಗೋಡೆಯಂತೆ ಕಾಣಬಹುದು.

5. ಹಿಮಕುಸಿತದ ಮುನ್ಸೂಚನೆ ಓದಿ

ಸ್ವಿಟ್ಜರ್ಲೆಂಡ್‌ಗೆ ದಾವೋಸ್‌ನಲ್ಲಿರುವ ಎಸ್‌ಎಲ್‌ಎಫ್, ಕೆನಡಾಕ್ಕೆ ಅವಲಾಂಚ್ ಕೆನಡಾ, ಭಾರತದ ಹಿಮಾಲಯಕ್ಕೆ ಚಂಡೀಗಢದ ಡಿಜಿಆರ್‌ಇ. ಹೀಗೆ ಒಂದೊಂದು ಕಡೆ ಒಂದೊಂದು ಸಂಸ್ಥೆ ಮುನ್ಸೂಚನೆ ಕೊಡುತ್ತದೆ. ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಅಪಾಯವನ್ನು 1ರಿಂದ 5ರವರೆಗೆ ಹೇಳುತ್ತಾರೆ.

3 ಅನ್ನುವುದನ್ನು ಎಷ್ಟೋ ಜನ ತಪ್ಪು ಓದುತ್ತಾರೆ. ಐದರಲ್ಲಿ ಮೂರು, ಅಂದರೆ ನಡುವಿನದು, ಪರವಾಗಿಲ್ಲ ಅನ್ನಿಸುತ್ತದೆ. ಹಾಗಲ್ಲ. 3 ಅಂದರೆ ಒಬ್ಬ ವ್ಯಕ್ತಿಯ ಭಾರಕ್ಕೇ ಹಿಮ ಜರಿಯುವ ಸಾಧ್ಯತೆ ಇದೆ ಅಂತ. 4 ಮತ್ತು 5 ಇರುವ ದಿನ ಜನ ಹೆದರಿ ಮನೆಯಲ್ಲಿರುತ್ತಾರೆ, 3 ಇರುವ ದಿನ ಹೊರಡುತ್ತಾರೆ. ಸಾವುಗಳಲ್ಲಿ ದೊಡ್ಡ ಪಾಲು ಆಗುವುದು ಆ ದಿನಗಳಲ್ಲೇ.

ಅಂಕಿಯಷ್ಟೇ ನೋಡಿ ಮುಚ್ಚಬೇಡಿ, ಪೂರ್ತಿ ಓದಿ. ಯಾವ ಎತ್ತರದಿಂದ ಮೇಲೆ, ಯಾವ ಮಗ್ಗುಲಲ್ಲಿ, ಯಾವ ಬಗೆಯ ಕುಸಿತ ಅಂತ ಅದರಲ್ಲಿ ಬರೆದಿರುತ್ತಾರೆ. ವಸಂತದಲ್ಲಿ ಕೆಲವು ಕಡೆ ಬೆಳಗ್ಗೆಗೆ ಒಂದು, ಮಧ್ಯಾಹ್ನಕ್ಕೆ ಒಂದು ಅಂತ ಎರಡು ನಕ್ಷೆ ಕೊಡುತ್ತಾರೆ. ಬೆಳಗ್ಗೆ 1 ಇದ್ದ ಇಳಿಜಾರು ಮಧ್ಯಾಹ್ನ 3 ಆಗಿರುವುದು ಮಾಮೂಲು. ನಿಮ್ಮ ನೋಟ್‌ಬುಕ್‌ನ ಕೆಂಪು ಗುರುತಿನ ತುಂಡುಗಳ ಪಕ್ಕ ಇದನ್ನು ಬರೆದುಕೊಳ್ಳಿ.

ಇನ್ನೊಂದು ವಿಷಯ. ಋತು ಮುಗಿಯಿತು ಅಂತ ಹಲವು ಸಂಸ್ಥೆಗಳು ವಸಂತದ ಮಧ್ಯದಲ್ಲೇ ದಿನನಿತ್ಯದ ಮುನ್ಸೂಚನೆ ನಿಲ್ಲಿಸುತ್ತವೆ. ಎಚ್ಚರಿಕೆ ಬರುತ್ತಿಲ್ಲ ಅಂದಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ, ಹೇಳುವವರು ಇಲ್ಲ ಅಂತ ಅಷ್ಟೇ. ಆಗ ಮುಂದಿನ ಹೆಜ್ಜೆಯನ್ನು ಇನ್ನೂ ಶ್ರದ್ಧೆಯಿಂದ ಮಾಡಬೇಕು.

6. ರಾತ್ರಿ ಹೆಪ್ಪುಗಟ್ಟಿತಾ?

ವಸಂತದ ಹಿಮದ ವಿಚಾರದಲ್ಲಿ ಒಂದೇ ಪ್ರಶ್ನೆ ಕೇಳಬಹುದು ಅಂದರೆ ನಾನು ಇದನ್ನೇ ಕೇಳುತ್ತೇನೆ. ಹಗಲು ಬಿಸಿಲಿಗೆ ಮೇಲಿನ ಹಿಮ ಒದ್ದೆಯಾಗುತ್ತದೆ. ಕಣಗಳ ನಡುವಿನ ಅಂಟು ಸಡಿಲವಾಗುತ್ತದೆ. ರಾತ್ರಿ ಅದು ಮತ್ತೆ ಹೆಪ್ಪುಗಟ್ಟಿದರೆ ಕಣಗಳೆಲ್ಲ ಬೆಸೆದುಕೊಂಡು ಗಟ್ಟಿ ಹೊರಪದರ ಆಗುತ್ತದೆ. ಬೆಳಗ್ಗೆ ಅದರ ಮೇಲೆ ರಸ್ತೆಯ ಮೇಲೆ ನಡೆದ ಹಾಗೆ ನಡೆಯಬಹುದು. ಹೆಪ್ಪುಗಟ್ಟದಿದ್ದರೆ ಸೂರ್ಯ ಹುಟ್ಟುವ ಹೊತ್ತಿಗೇ ಅದು ನಿನ್ನೆ ಸಂಜೆಯ ಸ್ಥಿತಿಯಲ್ಲಿರುತ್ತದೆ, ಮೇಲೆ ಇವತ್ತಿನ ಬಿಸಿಲೂ ಸೇರುತ್ತದೆ.

ಬರೀ ಉಷ್ಣಾಂಶ ನೋಡಿ ಇದನ್ನು ಹೇಳಲಾಗದು. ಹಿಮ ತನ್ನ ಶಾಖವನ್ನು ರಾತ್ರಿಯಿಡೀ ಆಕಾಶಕ್ಕೆ ಬಿಡುತ್ತಿರುತ್ತದೆ. ಆಕಾಶ ಶುಭ್ರವಾಗಿದ್ದು ಗಾಳಿ ಒಣಗಿದ್ದರೆ ಆ ಶಾಖ ಹೋಗಿಬಿಡುತ್ತದೆ. ಗಾಳಿಯ ಉಷ್ಣಾಂಶ ಸೊನ್ನೆಗಿಂತ ಎರಡು ಮೂರು ಡಿಗ್ರಿ ಮೇಲಿದ್ದರೂ ಹಿಮದ ಮೇಲ್ಮೈ ಗಟ್ಟಿಯಾಗಬಹುದು. ಮೋಡ ಇದ್ದರೆ ಕಂಬಳಿ ಹೊದಿಸಿದ ಹಾಗೆ. ಶಾಖ ವಾಪಸ್ ಬರುತ್ತದೆ. ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿದ್ದರೂ ಹಿಮ ಬೆಳಗಿನವರೆಗೂ ಮೆತ್ತಗೇ ಇರುತ್ತದೆ.

ಹಾಗಾಗಿ ಹವಾಮಾನ ಮುನ್ಸೂಚನೆಯಲ್ಲಿ ನೀವು ಹುಡುಕಬೇಕಾದ್ದು ಇವು. ಒಂದು, ಗಂಟೆಗಂಟೆಯ ಮೋಡದ ಪ್ರಮಾಣ, ಅದೂ ರಾತ್ರಿಯದು. ಎರಡು, ಉಷ್ಣಾಂಶ ಸೊನ್ನೆಗಿಳಿಯುವ ಎತ್ತರ. ಬೆಟ್ಟಗಳ ಮುನ್ಸೂಚನೆ ಕೊಡುವ ಹೆಚ್ಚಿನವರು ಇದನ್ನು ಕೊಡುತ್ತಾರೆ. ಕೊಡದಿದ್ದರೆ ನೀವೇ ಲೆಕ್ಕ ಹಾಕಿ. ಪ್ರತಿ ಸಾವಿರ ಮೀಟರ್ ಏರಿಕೆಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 2,000 ಮೀಟರ್‌ನಲ್ಲಿ 8 ಡಿಗ್ರಿ ಇದ್ದರೆ 3,500 ಮೀಟರ್‌ನಲ್ಲಿ ಸುಮಾರು ಮೈನಸ್ 2. ಇದು ಅಂದಾಜು ಮಾತ್ರ. ರಾತ್ರಿ ತಣ್ಣನೆ ಗಾಳಿ ಕಣಿವೆಯ ತಳಕ್ಕೆ ಇಳಿದು ಕೂತಾಗ ಮೇಲೆಯೇ ಬೆಚ್ಚಗಿರುವುದೂ ಉಂಟು. ಮೂರು, ಗಾಳಿ. ರಾತ್ರಿಯೆಲ್ಲ ಬೆಚ್ಚನೆ ಗಾಳಿ ಬೀಸಿದರೆ ಶುಭ್ರ ಆಕಾಶದ ಉಪಯೋಗ ಅರ್ಧಕ್ಕರ್ಧ ಹೋಗುತ್ತದೆ.

ಒಂದು ರಾತ್ರಿ ಹೆಪ್ಪುಗಟ್ಟಿದರೆ ತೆಳು ಪದರ, ಬಿಸಿಲು ತಾಗಿದ ಒಂದೆರಡು ಗಂಟೆಗೇ ಒಡೆಯುತ್ತದೆ. ನಾಲ್ಕೈದು ರಾತ್ರಿ ಒಂದೇ ಸಮನೆ ಹೆಪ್ಪುಗಟ್ಟಿದ್ದರೆ ಪದರ ದಪ್ಪವಾಗಿರುತ್ತದೆ, ಜಾಸ್ತಿ ಹೊತ್ತು ತಡೆಯುತ್ತದೆ. ಇದಕ್ಕೆ ವಿರುದ್ಧವಾಗಿ ಎರಡು ಮೂರು ರಾತ್ರಿ ಸತತವಾಗಿ ಹೆಪ್ಪುಗಟ್ಟದಿದ್ದರೆ ನಾನು ಕಡಿದಾದ ಇಳಿಜಾರಿರುವ ದಾರಿಯನ್ನೇ ಬಿಟ್ಟುಬಿಡುತ್ತೇನೆ. ಬೆಳಗಿನ ಜಾವವೂ ಬೇಡ. ನೀರು ಆಳಕ್ಕೆ ಇಳಿದಿರುತ್ತದೆ, ಹಿಮ ಬುಡದಿಂದಲೇ ಜರಿಯಬಹುದು. ವರ್ಷದ ಮೊದಲ ದೀರ್ಘ ಬೆಚ್ಚನೆ ವಾರ ಇನ್ನೂ ಕೆಟ್ಟದ್ದು. ಅಲ್ಲಿಯವರೆಗೆ ಒಣಗಿದ್ದ ಪದರಗಳಿಗೆ ಮೊದಲ ಸಲ ನೀರು ಇಳಿಯುವ ಹೊತ್ತು ಅದು. ಹಿಮದ ಮೇಲೆ ಮಳೆ ಬಿದ್ದರೂ ಅಷ್ಟೇ. ಹೊಸ ಹಿಮ ಬಿದ್ದ ಮರುದಿನ ಚೆನ್ನಾಗಿ ಬಿಸಿಲು ಬಂದರೂ ಅಷ್ಟೇ, ಎಷ್ಟೇ ಸುಂದರವಾಗಿ ಕಂಡರೂ ಆ ಬೆಳಗ್ಗೆ ಕಾಯಿರಿ.

7. ಹಳ್ಳದ ನೀರು

ಕರಗಿದ ಹಿಮವೆಲ್ಲ ಹಳ್ಳಕ್ಕೇ ಬರಬೇಕು. ಅದು ಕಡಿಮೆ ಇರುವುದು ಬೆಳಗಿನ ಜಾವ, ತುಂಬಿ ಹರಿಯುವುದು ಸಂಜೆಯ ಹೊತ್ತು. ಮೇಲಿನ ಹಿಮದಿಂದ ದೂರ ಇದ್ದಷ್ಟೂ ಆ ಏರಿಕೆ ತಡವಾಗಿ ಬರುತ್ತದೆ, ಮಧ್ಯರಾತ್ರಿಗೂ ಬರಬಹುದು. ಬೆಳಗ್ಗೆ ಮೊಣಕಾಲಿಗೆ ಇದ್ದದ್ದು ವಾಪಸ್ ಬರುವಾಗ ಸೊಂಟಕ್ಕೆ ಬಂದಿರುತ್ತದೆ.

ನದಿಯ ನೀರಿನ ಮಟ್ಟವನ್ನು ಅಂತರ್ಜಾಲದಲ್ಲಿ ಗಂಟೆಗಂಟೆಗೂ ತೋರಿಸುವ ಕಡೆ ಹೋಗುತ್ತಿದ್ದರೆ ಅದರ ಗ್ರಾಫ್ ತೆಗೆದು ನೋಡಿ. ಹಿಮ ಕರಗುತ್ತಿರುವಾಗ ಅದು ಗರಗಸದ ಹಲ್ಲಿನ ಹಾಗೆ ಕಾಣುತ್ತದೆ, ದಿನಕ್ಕೊಂದು ಏರಿಳಿತ. ಹಲ್ಲುಗಳ ತುದಿ ದಿನದಿನಕ್ಕೆ ಮೇಲೇರುತ್ತಿದ್ದರೆ ಕರಗುವಿಕೆ ಜೋರಾಗುತ್ತಿದೆ. ತಳವೂ ಏರುತ್ತಿದ್ದರೆ ಮೇಲೆ ರಾತ್ರಿಗಳು ಬೆಚ್ಚಗಿರಬಹುದು. ಹಲ್ಲೆಲ್ಲ ಮಾಯವಾಗಿ ಗೆರೆ ಚಪ್ಪಟೆಯಾಗಿ ಇಳಿದಿದ್ದರೆ ಮೇಲೆ ಚಳಿ ಮರಳಿದೆ. ಮನೆಯಲ್ಲಿ ಕೂತು ಬೆಟ್ಟದ ನಾಡಿ ಹಿಡಿದ ಹಾಗೆ ಇದು. ನನಗಂತೂ ಈ ಗೆರೆ ನೋಡುವುದು ಅಭ್ಯಾಸವೇ ಆಗಿಹೋಗಿದೆ.

ಹಳ್ಳದ ಮೇಲೆ ಸೇತುವೆಯಂತೆ ಉಳಿದ ಹಿಮದ ಬಗ್ಗೆ ತುಂಬ ಎಚ್ಚರ ಬೇಕು. ಕೆಳಗಿನಿಂದ ನೀರು ಅದನ್ನು ಕೊರೆಯುತ್ತಿರುತ್ತದೆ, ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಉಪಗ್ರಹ ಚಿತ್ರದಲ್ಲಿ ಹಳ್ಳ ಅರ್ಧ ತೆರೆದು ಅರ್ಧ ಮುಚ್ಚಿ ಕಂಡರೆ ಆ ಸೇತುವೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಬೇರೆ ದಾಟುವ ಜಾಗ ಹುಡುಕಿಡಿ.

8. ಗಂಟೆಯನ್ನು ಹಿಂದಿನಿಂದ ಎಣಿಸಿ

ಈಗ ನೋಟ್‌ಬುಕ್‌ಗೆ ವಾಪಸ್ ಬನ್ನಿ. ಒಂದೊಂದು ಕೆಂಪು ತುಂಡಿನ ಪಕ್ಕವೂ "ಇಷ್ಟು ಗಂಟೆಯೊಳಗೆ ದಾಟಿರಬೇಕು" ಅಂತ ಬರೆಯಿರಿ. ಪೂರ್ವದ ಮಗ್ಗುಲಾದರೆ ಬೇಗ, ಉತ್ತರದ್ದಾದರೆ ಸ್ವಲ್ಪ ತಡವಾದರೂ ಆದೀತು. ಅಲ್ಲಿಂದ ಹಿಂದಕ್ಕೆ ಎಣಿಸಿ. ಪಾಸ್‌ನ ಪೂರ್ವದ ಇಳಿಜಾರನ್ನು 8 ಗಂಟೆಗೆ ಮುಗಿಸಬೇಕು, ಹತ್ತಲು ಮೂರು ಗಂಟೆ ಬೇಕು, ಬುಡ ತಲುಪಲು ಒಂದು ಗಂಟೆ ಬೇಕು ಅಂದರೆ 4 ಗಂಟೆಗೆ ಟೆಂಟ್ ಬಿಡಬೇಕು. ಎದ್ದು ತಯಾರಾಗಲು ಇನ್ನೊಂದು ಗಂಟೆ. ಈ ಲೆಕ್ಕ ಕೂಡದಿದ್ದರೆ ಟೆಂಟಿನ ಜಾಗ ಬದಲಿಸಿ, ಇಲ್ಲವೇ ದಾರಿ ಬದಲಿಸಿ. ಮೆತ್ತನೆ ಹಿಮದಲ್ಲಿ ನಿಮ್ಮ ಮಾಮೂಲು ವೇಗದ ಅರ್ಧ ಇಟ್ಟುಕೊಳ್ಳಿ.

ಸಾಮಾನಿನ ಬಗ್ಗೆ ಎರಡೇ ಮಾತು. ಬೂಟಿಗೆ ಎಳೆದು ಹಾಕುವ ಮೈಕ್ರೋಸ್ಪೈಕ್ಸ್ ಸಮತಟ್ಟು ದಾರಿಗೆ ಸರಿ, ಕಡಿದಾದ ಗಟ್ಟಿ ಹಿಮಕ್ಕೆ ಅಲ್ಲ. ಅಲ್ಲಿ ಕ್ರಾಂಪಾನ್, ಐಸ್ ಆ್ಯಕ್ಸ್ ಎರಡೂ ಬೇಕು, ಜಾರಿದಾಗ ಆ್ಯಕ್ಸ್‌ನಿಂದ ತಡೆದು ನಿಲ್ಲುವ ಅಭ್ಯಾಸವೂ ಬೇಕು. ಹಿಮಕುಸಿತ ಆಗಬಹುದಾದ ಜಾಗಕ್ಕೆ ಹೋಗುವುದಾದರೆ ಪ್ರತಿಯೊಬ್ಬರ ಹತ್ತಿರವೂ ಸಂಕೇತ ಕಳಿಸುವ ಬೀಕನ್, ಚುಚ್ಚಿ ಹುಡುಕುವ ಪ್ರೋಬ್, ಸಲಿಕೆ ಇರಲೇಬೇಕು. ಹೂತುಹೋದವರನ್ನು ಮೊದಲ 10–15 ನಿಮಿಷದೊಳಗೆ ಹೊರತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ಆಮೇಲೆ ಅದು ದಡದಡನೆ ಇಳಿಯುತ್ತದೆ. ಹೊರಗಿನಿಂದ ಸಹಾಯ ಬರುವಷ್ಟು ಹೊತ್ತು ಇರುವುದಿಲ್ಲ, ಜೊತೆಗಿರುವವರೇ ಅಗೆಯಬೇಕು. ಕಪ್ಪು ಕನ್ನಡಕ ಮರೆಯಬೇಡಿ. ಹೊಸ ಹಿಮ ನೇರಳಾತೀತ ಕಿರಣದ ಶೇ 80ರಷ್ಟನ್ನು ವಾಪಸ್ ಎರಚುತ್ತದೆ, ಬರಿಗಣ್ಣಲ್ಲಿ ಒಂದು ದಿನ ನಡೆದರೆ ರಾತ್ರಿ ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿಯುತ್ತದೆ.

9. ಅಲ್ಲಿ ಹೋದ ಮೇಲೆ

ಮನೆಯಲ್ಲಿ ಮಾಡಿದ ಲೆಕ್ಕವನ್ನು ಬೆಟ್ಟದ ಬುಡದಲ್ಲಿ ಮತ್ತೆ ಪರೀಕ್ಷೆ ಮಾಡಿ. ನಾನು ಟೆಂಟಿನ ಹೊರಗೆ ಬಯಲಲ್ಲಿ ಒಂದು ಲೋಟದ ತಳಕ್ಕೆ ನೀರು ಹಾಕಿಟ್ಟು ಮಲಗುತ್ತೇನೆ. ಎದ್ದ ತಕ್ಷಣ ಟಾರ್ಚ್ ಹಾಕಿ ನೋಡುತ್ತೇನೆ. ಪೂರ್ತಿ ಗಟ್ಟಿಯಾಗಿದ್ದರೆ ಸಮಾಧಾನ. ಕೆನೆಯಷ್ಟು ಕಟ್ಟಿದ್ದರೆ ಅನುಮಾನ. ನೀರು ನೀರಾಗೇ ಇದ್ದರೆ ಹಿಮದ ಮೇಲೆ ಹೋಗಿ ನಿಂತು ನೋಡುತ್ತೇನೆ, ಹಿಮ್ಮಡಿಯಿಂದ ಗುದ್ದುತ್ತೇನೆ, ಕೋಲಿನಿಂದ ಚುಚ್ಚುತ್ತೇನೆ. ಕೋಲು ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಆ ದಿನ ಪಾಸ್ ಇಲ್ಲ. ಮತ್ತೆ ಮಲಗುತ್ತೇನೆ.

ನಡೆಯುವಾಗ ಬೂಟನ್ನು ನೋಡುತ್ತಿರಿ. ಹಲ್ಲಿನ ಗುರುತು ಮಾತ್ರ ಇದ್ದರೆ ಸರಿ. ಎರಡು ಮೂರು ಸೆಂಟಿಮೀಟರ್ ಮೆತ್ತಗಾಗಿದ್ದರೆ ನಡೆಯಲು ಹಿತ, ಆದರೆ ಗಡಿಯಾರ ಓಡುತ್ತಿದೆ. ಹರಡಿನವರೆಗೆ ಹೂತುಕೊಳ್ಳಲು ಶುರುವಾದರೆ ಕಡಿದಾದ ಜಾಗದಿಂದ ಕೂಡಲೇ ಹೊರಬನ್ನಿ. ಮೇಲಿನ ಬಂಡೆಗಳ ಹತ್ತಿರದಿಂದ ಹಿಮದ ಸಣ್ಣ ಉಂಡೆಗಳು ತಾವಾಗೇ ಉರುಳಿ, ಚಕ್ಕುಲಿಯಂತೆ ಸುತ್ತಿಕೊಂಡು ಕೆಳಗೆ ಬರುತ್ತಿದ್ದರೆ ಆ ಮಗ್ಗುಲು ಒದ್ದೆಯಾಗಿ ಸಡಿಲವಾಗುತ್ತಿದೆ. ಕಾಲಡಿಯಲ್ಲಿ "ವುಂಫ್" ಅನ್ನುವ ಸದ್ದು ಬಂದು ಹಿಮ ಕುಸಿದ ಹಾಗೆ ಆದರೆ, ಬಿರುಕು ಓಡಿದರೆ, ಅಲ್ಲಿಗೆ ನಿಲ್ಲಿಸಿ. ಏಣಿನ ಅಂಚಿನಿಂದ ಹಿಮ ಮನೆಯ ಸೂರಿನಂತೆ ಹೊರಗೆ ಚಾಚಿಕೊಂಡಿರುತ್ತದೆ. ಅದರ ಮೇಲೆ ನಿಂತವರಿಗೆ ಕೆಳಗೆ ನೆಲ ಇಲ್ಲ ಅಂತ ಗೊತ್ತಾಗುವುದೇ ಇಲ್ಲ. ಅದು ಮುರಿಯುವುದೂ ನಾವು ಅಂದುಕೊಂಡಿದ್ದಕ್ಕಿಂತ ಹಿಂದಿನಿಂದ. ಅಂಚಿನಿಂದ ಸಾಕಷ್ಟು ದೂರದಲ್ಲೇ ನಡೆಯಿರಿ, ಅದರ ನೇರ ಕೆಳಗೆ ಮಧ್ಯಾಹ್ನ ಓಡಾಡಬೇಡಿ. ಬಂಡೆ, ಮರದ ಬುಡಗಳ ಸುತ್ತ ಹಿಮ ತೆಳ್ಳಗಿರುತ್ತದೆ, ಒಳಗೆ ಟೊಳ್ಳಾಗಿರುತ್ತದೆ. ಅಲ್ಲಿ ಕಾಲಿಡದೆ ಬಳಸಿ ಹೋಗಿ.

ಬರೆದಿಟ್ಟ ಗಂಟೆ ಮೀರಿದರೆ ವಾಪಸ್ ತಿರುಗಿ. ಇನ್ನು ನೂರೇ ಮೀಟರ್ ಅನ್ನಿಸಿದರೂ ತಿರುಗಿ. ಮನೆಯಲ್ಲಿ ತಲೆ ತಣ್ಣಗಿದ್ದಾಗ ಬರೆದ ಗಂಟೆ ಅದು.

ಬಂದ ಮೇಲೆ ನಾಲ್ಕು ಸಾಲು ಬರೆದು, ಮುಂದಿನ ವಾರ ಹೋಗುವವರಿಗೆ ಸಿಗುವ ಕಡೆ ಹಾಕಿ. ಹೊಗಳಿಕೆ, ವರ್ಣನೆ ಆಮೇಲೆ ಇರಲಿ. ಮೊದಲು ಹೀಗೆ ಬರೆಯಿರಿ: "ಏಪ್ರಿಲ್ 22. ಉತ್ತರದ ಮಗ್ಗುಲು, 3,300 ಮೀಟರ್. ರಾತ್ರಿ ಆಕಾಶ ಶುಭ್ರ. ಬೆಳಗ್ಗೆ 7:40ಕ್ಕೆ ಗಟ್ಟಿ, ಕ್ರಾಂಪಾನ್ ಬೇಕೇ ಬೇಕು. ಅದೇ ಜಾಗ 10:15ಕ್ಕೆ ಮೊಣಕಾಲುದ್ದ. ಕೆಳಗಿನ ಹಳ್ಳದ ಹಿಮಸೇತುವೆ ಮಧ್ಯದಲ್ಲಿ ತೂತಾಗಿದೆ, 200 ಮೀಟರ್ ಮೇಲೆ ಬಂಡೆಗಳ ಮೇಲೆ ದಾಟಿದೆವು."